ಪಾಚಿಗೂ ರೋಗ ಬರುತ್ತದೆ: ಹೊಂಡದ ನೀರು ತಿಳಿಯಾದ ಕೂಡಲೇ ದನ ಬಿಡಬೇಡಿ

2014ರಲ್ಲಿ ರಾಜ್ಯದಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದ ಬಳಿಕ ಬಸವಕಲ್ಯಾಣ, ಹುಮನಾಬಾದ ಭಾಗದ ಒಣಬೇಸಾಯದ ಹೊಲಗಳಲ್ಲಿಯೂ ಒಂದೊಂದಾಗಿ ಕೃಷಿಹೊಂಡ ಕಾಣಿಸಿಕೊಂಡವು. ಕಾರಂಜಾ, ಚುಳಕಿನಾಲಾ, ಮುಲ್ಲಾಮಾರಿಯ ನೀರು ಮುಟ್ಟದ ಎತ್ತರದ ಹೊಲದವರಿಗೆ ಇದು ದೊಡ್ಡ ಆಸರೆ. ತೊಗರಿ ಹೂವಿಗೆ ಬಂದಾಗ ಒಂದು ನೀರು ಕೊಡಬಹುದು. ಬ್ಯಾಸಿಗಿಯಲ್ಲಿ ದನಕರುಗಳಿಗೆ ಅದೇ ನೀರು.

ಆದರೆ ಹೊಂಡ ಮಾಡಿಕೊಂಡ ಬಹಳ ಜನರ ಅನುಭವ ಒಂದೇ. ಮೊದಲ ವರ್ಷ ನೀರು ತಿಳಿಯಾಗಿರುತ್ತದೆ. ಎರಡನೇ ವರ್ಷದಿಂದ ಹಸಿರಾಗಲು ಶುರು. ನಮ್ಮ ಕಡೆ ಇದಕ್ಕೆ ಹಾವಸೆ ಕಟ್ಟುವುದು ಎನ್ನುತ್ತೇವೆ, ಉಳಿದ ಕಡೆ ಪಾಚಿ. ಆಗ ಎಲ್ಲರೂ ಕೇಳುವ ಪ್ರಶ್ನೆ, "ಇದಕ್ಕ ಏನು ಹಾಕಬೇಕ್ರಿ?" ಅಂಗಡಿಯವರು ಮೈಲುತುತ್ತ ಕೊಡುತ್ತಾರೆ. ಏನೂ ಹಾಕದೆ ಬಿಟ್ಟವರ ಹೊಂಡದಲ್ಲಿ ಒಮ್ಮೊಮ್ಮೆ ಬೇರೆಯೇ ಆಗುತ್ತದೆ. ತಿಂಗಳುಗಟ್ಟಲೆ ಹಸಿರಾಗಿದ್ದ ನೀರು ಮೂರು ನಾಲ್ಕು ದಿನದೊಳಗೆ ತಾನೇ ತಿಳಿಯಾಗಿಬಿಡುತ್ತದೆ.

ನಮ್ಮ ಬಾಜು ಹೊಲದ ಹುಡುಗ ಒಮ್ಮೆ ಓಡಿ ಬಂದು, "ಕಾಕಾ, ಹೊಂಡ ತಾನೇ ಸ್ವಚ್ಛ ಆಗ್ಯಾದ, ಇನ್ನ ದನಾ ಬಿಡ್ಲೇನು?" ಎಂದು ಕೇಳಿದ. ಇದನ್ನು ನಾನು ಹುಮನಾಬಾದಿನಲ್ಲಿ ಪರಿಚಯದ ಜೀವಶಾಸ್ತ್ರದ ಮಾಸ್ತರರೊಬ್ಬರ ಹತ್ತಿರ ಹೇಳಿದೆ. ಅವರು, "ಬಿಡಬ್ಯಾಡ ಅಂತ ಹೇಳ್ರಿ. ಪಾಚಿಗೂ ರೋಗ ಬರತದ. ರೋಗ ಬಂದು ಸತ್ತ ಪಾಚಿಯ ನೀರು ಹಸಿರು ನೀರಿಗಿಂತ ಕೆಟ್ಟದ್ದು ಇರಬಹುದು" ಅಂದರು. ಅಂದಿನಿಂದ ಈ ವಿಷಯ ಕೆದಕಿ ಕೆದಕಿ ಕೇಳಿ, ಓದಿಸಿಕೊಂಡು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಪಾಚಿಯಲ್ಲಿ ಬಗೆಗಳಿವೆ

ಹೊಂಡದಲ್ಲಿ ಕಾಣುವ ಹಸಿರೆಲ್ಲ ಒಂದೇ ಅಲ್ಲ. ನಮ್ಮ ಕೆಲಸಕ್ಕೆ ಮೂರು ಬಗೆ ಗುರುತಿಟ್ಟುಕೊಂಡರೆ ಸಾಕು.

ಒಂದು, ನೂಲುಪಾಚಿ. ಕಡ್ಡಿ ಹಾಕಿ ಎತ್ತಿದರೆ ತಲೆಗೂದಲಿನ ಹಾಗೆ ಉದ್ದಕ್ಕೆ ಜೋತು ಬರುತ್ತದೆ. ಇದು ಸಾಮಾನ್ಯವಾಗಿ ವಿಷದ್ದಲ್ಲ. ಪಂಪಿಗೆ, ಡ್ರಿಪ್ಪಿಗೆ ಸಿಕ್ಕಿಕೊಂಡು ಕಾಟ ಕೊಡುತ್ತದೆ, ಅಷ್ಟೇ.

ಎರಡು, ಪುಡಿ ಹಸಿರು. ನೀರೆಲ್ಲ ಒಂದೇ ಸಮ ಹಸಿರಾಗಿ ಕಾಣುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಇದರಲ್ಲಿ ಕ್ಲೋರೆಲ್ಲಾ ಮುಂತಾದ ಒಂದೇ ಕಣದ ಪಾಚಿಗಳಿರುತ್ತವೆ.

ಮೂರು, ನೀಲಿಹಸಿರು ಪಾಚಿ. ಹೆಸರಿಗೆ ಪಾಚಿ, ನಿಜಕ್ಕೆ ಇದು ಬ್ಯಾಕ್ಟೀರಿಯಾದ ಜಾತಿ. ಗಾಳಿ ಬೀಸಿದ ಕಡೆಯ ದಂಡೆಗೆ ಹಸಿರು ಬಣ್ಣದ ಡಬ್ಬಿ ಚೆಲ್ಲಿದ ಹಾಗೆ ಕೆನೆಗಟ್ಟುತ್ತದೆ. ಕಡ್ಡಿಗೆ ಬಣ್ಣದಂತೆ ಅಂಟುತ್ತದೆ, ಎಳೆ ಬರುವುದಿಲ್ಲ. ವಾಸನೆ ಇರುತ್ತದೆ. ಮೈಕ್ರೋಸಿಸ್ಟಿಸ್, ಅನಾಬೀನಾ ಎಂಬುವು ಈ ಗುಂಪಿನವು. ಇವುಗಳಲ್ಲಿ ಕೆಲವು ವಿಷ ಮಾಡುತ್ತವೆ.

ನೀಲಿಹಸಿರು ಪಾಚಿ ಎಂದರೆ ಎಲ್ಲವೂ ಕೆಟ್ಟದ್ದು ಅಂತಲ್ಲ. ಭತ್ತದ ಗದ್ದೆಯಲ್ಲಿ ಇದು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ ಎಂದು ಪಿ. ಕೆ. ಡೇ ಅವರು 1939ರಲ್ಲೇ ತೋರಿಸಿದ್ದರು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಅವರು ಜವಳು ನೆಲ ಸುಧಾರಿಸಲು ಇದನ್ನು ಬಳಸುವ ಬಗ್ಗೆ 1950ರಲ್ಲಿ ಬರೆದರು. ಗದ್ದೆಯಲ್ಲಿ ಗೆಳೆಯ, ದನ ಕುಡಿಯುವ ನೀರಿನಲ್ಲಿ ವೈರಿ ಎಂದು ತಿಳಿದರೆ ಸರಿ.

ವೈರಸ್ಸು ನಮಗೆ ಹೊಸದಲ್ಲ

ವೈರಸ್ಸು, ಅಂದರೆ ನಂಜಾಣು, ನಮ್ಮ ಹೊಲದವರಿಗೆ ಗೊತ್ತಿರುವಂಥದ್ದೇ. ತೊಗರಿ ಹಸಿರಾಗಿ ಬೆಳೆದು ಹೂವು ಕಾಯಿ ಬಿಡದೆ ನಿಲ್ಲುವ ಗೊಡ್ಡು ರೋಗ ವೈರಸ್ಸಿನದು. ಕಣ್ಣಿಗೆ ಕಾಣದ ನುಸಿ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಹೆಸರು, ಉದ್ದಿನ ಎಲೆ ಹಳದಿಯಾಗುವ ರೋಗವೂ ವೈರಸ್ಸಿನದೇ, ಅದನ್ನು ತರುವುದು ಬಿಳಿನೊಣ.

ನಮಗೆ ಉಪಕಾರ ಮಾಡುವ ವೈರಸ್ಸೂ ಇದೆ. ತೊಗರಿ, ಕಡಲೆಯ ಕಾಯಿಕೊರಕ ಕೀಡೆಗೆ ಎನ್‌ಪಿವಿ ಹೊಡೆದವರು ನೋಡಿರುತ್ತಾರೆ. ರೋಗ ಹತ್ತಿದ ಹುಳ ಗಿಡದ ತುದಿಗೆ ಏರಿ, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮುಟ್ಟಿದರೆ ಒಡೆದು ನೀರಾಗುತ್ತದೆ. ಆ ನೀರಿನಲ್ಲಿ ಮತ್ತೆ ಕೋಟಿಗಟ್ಟಲೆ ವೈರಸ್ಸು.

ಪಾಚಿಯ ವೈರಸ್ಸು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ವೈರಸ್ಸು ತಾನಾಗಿ ತಿನ್ನುವುದಿಲ್ಲ, ಬೆಳೆಯುವುದಿಲ್ಲ. ಇನ್ನೊಂದು ಜೀವದ ಕಣದೊಳಗೆ ಹೊಕ್ಕರೆ ಮಾತ್ರ ಅದಕ್ಕೆ ಬಾಳು. ಕ್ಲೋರೆಲ್ಲಾ ಪಾಚಿಯ ವೈರಸ್ಸಿನ ರೀತಿ ನೋಡಿ. ಅದು ಪಾಚಿ ಕಣದ ಮೈಗೆ ಅಂಟಿಕೊಳ್ಳುತ್ತದೆ. ಆ ಜಾಗದಲ್ಲಿ ಗೋಡೆಯನ್ನು ಕರಗಿಸಿ ತೂತು ಮಾಡುತ್ತದೆ. ತನ್ನ ಬೀಜ ಮಾತ್ರ ಒಳಗೆ ಬಿಟ್ಟು, ಚಿಪ್ಪನ್ನು ಹೊರಗೇ ಉಳಿಸುತ್ತದೆ. ಆಮೇಲೆ ಪಾಚಿಯ ಒಳಗಿನ ಯಂತ್ರವೆಲ್ಲ ವೈರಸ್ಸಿನ ಚಾಕರಿಗೆ ನಿಲ್ಲುತ್ತದೆ. ಆರರಿಂದ ಎಂಟು ತಾಸಿನೊಳಗೆ ಕಣ ಒಡೆಯುತ್ತದೆ. ಒಂದೇ ಕಣದಿಂದ ಸುಮಾರು 1000 ವೈರಸ್ಸು ಹೊರಗೆ ಬರುತ್ತವೆ. ಎಲ್ಲವೂ ಮುಂದಿನ ಪಾಚಿಯನ್ನು ಹಿಡಿಯಲಾರವು, ಮೂರರಲ್ಲಿ ಒಂದು ಪಾಲು ಹಿಡಿದರೂ ಲೆಕ್ಕ ಹಾಕಿರಿ. ಒಂದು 300 ಆಯಿತು, 300 ಎಂಬುದು 90 ಸಾವಿರ. ಅದಕ್ಕೇ ಹಸಿರು ನೀರು ನಾಲ್ಕು ದಿನದಲ್ಲಿ ತಿಳಿಯಾಗುವುದು.

ನೀಲಿಹಸಿರು ಪಾಚಿಯ ಕೆಲವು ವೈರಸ್ಸುಗಳದು ಇನ್ನೂ ಜಾಣತನ. ಪಾಚಿ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಕೆಲಸಕ್ಕೆ ಬೇಕಾದ ಒಂದು ಜೀನನ್ನು ಅವು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಇದು 2003ರಲ್ಲಿ ಗೊತ್ತಾಯಿತು. ಮನೆಯವನು ಸಾಯುವ ತನಕ ಅಡುಗೆಮನೆಯ ಒಲೆ ಆರದಂತೆ ನೋಡಿಕೊಂಡು, ತನ್ನ ಕೆಲಸ ಮುಗಿಸಿಕೊಂಡು ಹೋಗುವ ಕಳ್ಳನ ಹಾಗೆ.

ಯಾರು ಕಂಡರು, ಎಲ್ಲಿ ಕಂಡರು

1963ರಲ್ಲಿ ಅಮೆರಿಕದ ರಾಬರ್ಟ್ ಸ್ಯಾಫರ್‌ಮನ್ ಮತ್ತು ಮೇರಿ ಎಲೆನ್ ಮಾರಿಸ್ ಎಂಬವರು ಕೊಳಚೆ ನೀರು ನಿಲ್ಲಿಸುವ ಹೊಂಡದಿಂದ ನೀಲಿಹಸಿರು ಪಾಚಿಯನ್ನು ಕೊಲ್ಲುವ ವೈರಸ್ಸನ್ನು ಬೇರ್ಪಡಿಸಿದರು. ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ. ನಾಲ್ಕೇ ವರ್ಷಕ್ಕೆ, 1967ರಲ್ಲಿ, ಮೇಲೆ ಹೇಳಿದ ಕಾಶಿಯ ಆರ್. ಎನ್. ಸಿಂಗ್ ಅವರು ಪಿ. ಕೆ. ಸಿಂಗ್ ಅವರ ಜೊತೆ ಸೇರಿ ಭಾರತದ ನೀರಿನಿಂದಲೂ ಇಂಥ ವೈರಸ್ಸು ಸಿಕ್ಕಿದ್ದನ್ನು ಪ್ರಕಟಿಸಿದರು. ಜವಳು ನೆಲಕ್ಕೆ ಪಾಚಿ ಹಾಕಿ ಎಂದವರೇ ಪಾಚಿಯ ರೋಗವನ್ನೂ ಹುಡುಕಿದರು. ಬೆಳೆ ಬೆಳೆಯುವವನಿಗೆ ಬೆಳೆಯ ರೋಗವೂ ಗೊತ್ತಿರಬೇಕಲ್ಲ.

1980ರ ದಶಕದ ಆರಂಭದಲ್ಲಿ ಅಮೆರಿಕದ ನೆಬ್ರಾಸ್ಕಾದ ಜೇಮ್ಸ್ ವ್ಯಾನ್ ಎಟನ್ ಮತ್ತು ಸಂಗಡಿಗರು ಕ್ಲೋರೆಲ್ಲಾದ ವೈರಸ್ಸು ಕಂಡರು. ವೈರಸ್ಸುಗಳ ಜಾತಿಯಲ್ಲಿ ಇದು ದೊಡ್ಡದು. ದೊಡ್ಡದು ಅಂದರೂ ಇಂಥ 5000 ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು.

1989ರಲ್ಲಿ ನಾರ್ವೆಯ ವಿಜ್ಞಾನಿಗಳು ಕೆರೆ, ಸಮುದ್ರದ ನೀರಿನಲ್ಲಿ ವೈರಸ್ಸುಗಳನ್ನು ಎಣಿಸಿ ನೋಡಿದರು. ಒಂದು ಮಿಲಿಲೀಟರಿನಲ್ಲಿ 25 ಕೋಟಿಯವರೆಗೆ ಸಿಕ್ಕವು. ಔಷಧ ಕುಡಿಯುವ ಒಂದು ಸಣ್ಣ ಚಮಚದ ನೀರಿನಲ್ಲಿ ನಮ್ಮ ದೇಶದ ಜನರಿಗೆ ಸಮ ಆಯಿತು. ಹೆದರಬೇಕಾಗಿಲ್ಲ. ಇವುಗಳಲ್ಲಿ ಹೆಚ್ಚಿನವು ನೀರಿನ ಸಣ್ಣ ಜೀವಿಗಳನ್ನು ಹಿಡಿಯುವಂಥವು. ನೀರು ಇದ್ದಲ್ಲಿ ಪಾಚಿ, ಪಾಚಿ ಇದ್ದಲ್ಲಿ ಅದರ ವೈರಸ್ಸು. ನಿಮ್ಮ ಹೊಂಡದಲ್ಲೂ ಇದೆ, ನನ್ನ ಹೊಂಡದಲ್ಲೂ ಇದೆ.

ಹಾಗಂತ ನೀರು ತಿಳಿಯಾದಾಗೆಲ್ಲ ವೈರಸ್ಸೇ ಕಾರಣ ಎನ್ನಲಾಗದು. ನೀರಿನಲ್ಲಿ ಚಿಗಟದಂತೆ ಜಿಗಿಯುವ ಸಣ್ಣ ಹುಳಗಳು ಪಾಚಿ ತಿಂದು ತೀರಿಸುತ್ತವೆ. ನಾಲ್ಕು ದಿನ ಮೋಡ ಮುಚ್ಚಿದರೂ, ತಿನ್ನಲು ಗೊಬ್ಬರದ ಅಂಶ ತೀರಿದರೂ ಪಾಚಿ ಸಾಯುತ್ತದೆ. ಬರಿಗಣ್ಣಿಗೆ ಇದು ಅದು ಎಂದು ತಿಳಿಯುವುದಿಲ್ಲ. ಯಾವುದರಿಂದ ಸತ್ತರೂ ನಮ್ಮ ಎಚ್ಚರಿಕೆ ಒಂದೇ.

ಸತ್ತ ಪಾಚಿಯ ವಿಷ ಎಲ್ಲಿಗೆ ಹೋಗುತ್ತದೆ

ಈ ಲೇಖನದ ಮುಖ್ಯ ಮಾತು ಇದು. ಮೈಕ್ರೋಸಿಸ್ಟಿಸ್ ಪಾಚಿ ಜೀವಂತ ಇರುವಾಗ ಅದರ ವಿಷದ ಹೆಚ್ಚಿನ ಪಾಲು ಕಣದ ಒಳಗೇ ಇರುತ್ತದೆ. ದನ ಕೆನೆ ಬಿಟ್ಟು ಆಚೆಯ ನೀರು ಕುಡಿದರೆ ಹೊಟ್ಟೆಗೆ ಹೋಗುವುದು ಕಡಿಮೆ. ಪಾಚಿ ಒಡೆದಾಗ ಒಳಗಿನ ವಿಷವೆಲ್ಲ ನೀರಿಗೆ ಬರುತ್ತದೆ. ಆಗ ನೀರು ನೋಡಲು ತಿಳಿ, ಕುಡಿಯಲು ವಿಷ. ಹಸಿರು ಕಂಡರೆ ನಾವೇ ದನ ತಡೆಯುತ್ತೇವೆ. ತಿಳಿ ಕಂಡರೆ ತಡೆಯುವವರು ಯಾರು?

ಇದು ಹೆದರಿಸಲು ಹೇಳಿದ ಮಾತಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ಎಂಬ ಊರಿನಲ್ಲಿ, ಈರಿ ಎಂಬ ದೊಡ್ಡ ಸರೋವರದಿಂದ ಬರುವ ನಳದ ನೀರಿನಲ್ಲಿ ಈ ವಿಷ ಸಿಕ್ಕಿತು. 4 ಲಕ್ಷಕ್ಕೂ ಹೆಚ್ಚು ಜನಕ್ಕೆ ಸುಮಾರು ಮೂರು ದಿನ ನಳದ ನೀರು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ ಎಂದು ಸಾರಿದರು. ಕಾಯಿಸಿದರೆ ಈ ವಿಷ ಹೋಗುವುದಿಲ್ಲ, ನೀರು ಬತ್ತಿ ವಿಷ ಇನ್ನೂ ಗಟ್ಟಿಯಾಗುತ್ತದೆ. ಆ ಪಾಚಿಯನ್ನು ಪರೀಕ್ಷಿಸಿದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದಕ್ಕೆ ವೈರಸ್ಸು ಹತ್ತಿದ ಗುರುತುಗಳು ಕಂಡವು, ಒಳಗಿನ ವಿಷ ನೀರಿಗೆ ಇಳಿಯಲು ಅದೂ ಕಾರಣ ಆಗಿರಬೇಕು ಎಂದರು.

ಔಷಧ ಹಾಕಿ ಪಾಚಿ ಕೊಂದರೂ ಇದೇ ಗತಿ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್ ಎಂಬ ನಡುಗಡ್ಡೆಯಲ್ಲಿ ಕುಡಿಯುವ ನೀರಿನ ಅಣೆಕಟ್ಟೆಗೆ ಪಾಚಿ ಬಂತೆಂದು ಮೈಲುತುತ್ತ ಹಾಕಿದರು. ಪಾಚಿ ಸತ್ತಿತು. ಕೆಲವು ದಿನಕ್ಕೆ 148 ಜನ ವಾಂತಿಭೇದಿ, ಪಿತ್ತಜನಕಾಂಗದ ಬಾಧೆಯಿಂದ ಮಲಗಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು.

ದನಕರುಗಳ ಮಾತಂತೂ ಬಹಳ ಹಳೆಯದು. 1878ರಲ್ಲೇ ಜಾರ್ಜ್ ಫ್ರಾನ್ಸಿಸ್ ಎಂಬವರು ಆಸ್ಟ್ರೇಲಿಯಾದ ಒಂದು ಸರೋವರದ ದಂಡೆಯಲ್ಲಿ ಹಸಿರು ಕೆನೆಯ ನೀರು ಕುಡಿದು ಕುರಿ, ಕುದುರೆ, ನಾಯಿ ಸತ್ತದ್ದನ್ನು ಬರೆದಿದ್ದಾರೆ. ಮೈಕ್ರೋಸಿಸ್ಟಿಸ್ ವಿಷ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ. ಅನಾಬೀನಾದ ಒಂದು ವಿಷ ನರಕ್ಕೆ ಹೊಡೆಯುತ್ತದೆ, ಅದು ಹೆಚ್ಚು ಹೋದರೆ ದನ ಕೆಲವೇ ತಾಸಿನಲ್ಲಿ ಬೀಳಬಹುದು. ನೀರು ಕುಡಿದ ಮೇಲೆ ದನ ತೂರಾಡಿದರೆ, ಮೈ ನಡುಗಿದರೆ, ಜೊಲ್ಲು ಸುರಿಸಿದರೆ, ಭೇದಿ ಮಾಡಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿರಿ. ಯಾವ ನೀರು ಕುಡಿದಿತ್ತು ಎಂಬುದನ್ನು ಅವರಿಗೆ ಮೊದಲು ಹೇಳಿರಿ. ಹಾವು ಮುಟ್ಟಿದೆ ಎಂದೋ, ಯಾರೋ ಎಣ್ಣೆ ಹಾಕಿದ್ದಾರೆ ಎಂದೋ ಜಗಳಕ್ಕೆ ಬೀಳುವ ಮೊದಲು ಹೊಂಡ ನೋಡಿಕೊಳ್ಳಿರಿ.

ಮೈಲುತುತ್ತದ ಬಗ್ಗೆ ಇನ್ನೆರಡು ಮಾತು. ಅದರ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ತಳದ ಹೂಳಿನಲ್ಲಿ ಕೂಡುತ್ತದೆ. ಆ ಹೂಳನ್ನೇ ನಾವು ನಾಳೆ ಹೊಲಕ್ಕೆ ಹಾಕುತ್ತೇವೆ. ಮತ್ತು ತಾಮ್ರ ಕುರಿಗಳಿಗೆ ಬೇಗ ಬಾಧಿಸುತ್ತದೆ. ಕುರಿ ಇರುವವರು ಆ ದಾರಿಗೆ ಹೋಗದಿರುವುದೇ ಲೇಸು.

ಮೀನು ಬಿಟ್ಟವರಿಗೂ ಒಂದು ಎಚ್ಚರಿಕೆ. ಪಾಚಿ ಒಮ್ಮೆಲೇ ಸತ್ತರೆ ಅದು ಕೊಳೆಯುವಾಗ ನೀರಿನ ಗಾಳಿಯನ್ನು ಹೀರಿಕೊಳ್ಳುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೂಡಲೇ ಪಂಪು ಹಚ್ಚಿ, ಅದೇ ನೀರನ್ನು ಮೇಲಿಂದ ಮತ್ತೆ ಹೊಂಡಕ್ಕೆ ಬೀಳಿಸಿರಿ.

ಹಾಗಾದರೆ ಈ ವೈರಸ್ಸನ್ನೇ ಔಷಧ ಮಾಡಬಹುದಲ್ಲ?

ನಾನೂ ಇದನ್ನೇ ಕೇಳಿದೆ. ಕಾಯಿಕೊರಕಕ್ಕೆ ಎನ್‌ಪಿವಿ ಇದ್ದ ಹಾಗೆ ಪಾಚಿಗೆ ಒಂದು ವೈರಸ್ಸಿನ ಬಾಟಲಿ ಯಾಕಿಲ್ಲ? 1963ರ ಶೋಧ ಆದಾಗಿನಿಂದಲೂ ವಿಜ್ಞಾನಿಗಳಿಗೆ ಈ ಆಸೆ ಇದೆ. ಅಡ್ಡಿ ಮೂರು.

ಮೊದಲನೆಯದು, ಪಾಚಿಯ ವೈರಸ್ಸು ಬಹಳ ಮಡಿ. ಒಂದು ಜಾತಿಯನ್ನು, ಅದರಲ್ಲೂ ಒಂದು ಒಳಜಾತಿಯನ್ನು ಮಾತ್ರ ಹಿಡಿಯುವುದೇ ಹೆಚ್ಚು. ನಮ್ಮ ಹೊಂಡದಲ್ಲಿ ಹತ್ತು ಬಗೆಯ ಪಾಚಿ ಇದ್ದರೆ ಒಂದು ಸತ್ತು, ಅದರ ಜಾಗಕ್ಕೆ ಇನ್ನೊಂದು ಏಳುತ್ತದೆ.

ಎರಡನೆಯದು, ಕೋಟಿ ಪಾಚಿಯಲ್ಲಿ ವೈರಸ್ಸಿಗೆ ಬಗ್ಗದ ನಾಲ್ಕು ಉಳಿದರೂ ಅವೇ ಮತ್ತೆ ಹಬ್ಬುತ್ತವೆ. ಒಂದೇ ಔಷಧಕ್ಕೆ ಒಗ್ಗಿಕೊಂಡ ಕಾಯಿಕೊರಕವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಬಿಸಿಲು. ಎನ್‌ಪಿವಿಯನ್ನು ಸಂಜೆಗೆ ಹೊಡೆಯಿರಿ ಎನ್ನುವುದು ಬಿಸಿಲಿಗೆ ವೈರಸ್ಸು ಸಾಯುತ್ತದೆ ಎಂದೇ. ಪಾಚಿಯ ವೈರಸ್ಸೂ ಅಷ್ಟೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮೇಲ್ನೀರಿನಲ್ಲಿ ಅದು ಎಷ್ಟು ಹೊತ್ತು ಬಾಳೀತು?

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ವೈರಸ್ಸು ಪಾಚಿಯನ್ನು ಕೊಲ್ಲುತ್ತದೆಯೇ ಹೊರತು ಪಾಚಿ ತಿಂದ ಗೊಬ್ಬರವನ್ನು ಹೊರಗೆ ಹಾಕುವುದಿಲ್ಲ. ಸತ್ತ ಪಾಚಿಯ ಸಾರಜನಕ, ರಂಜಕ ಮತ್ತೆ ಅದೇ ನೀರಿಗೆ ಬೀಳುತ್ತದೆ. ಮುಂದಿನ ಪಾಚಿಗೆ ಅದೇ ಊಟ. ಅದಕ್ಕೇ ತಿಳಿಯಾದ ಹೊಂಡ ಕೆಲವು ವಾರದಲ್ಲಿ ಮತ್ತೆ ಹಸಿರಾಗುವುದು. ಆದ್ದರಿಂದ ಪಾಚಿ ಕೊಲ್ಲುವ ಚಿಂತೆಗಿಂತ ಪಾಚಿಗೆ ಉಣ್ಣಿಸದಿರುವ ಚಿಂತೆ ಮೇಲು.

ನಾನು ಮಾಡಿಕೊಂಡಿರುವ ವ್ಯವಸ್ಥೆ

ನನ್ನ ಹೊಂಡ 12 ಮೀಟರ್ ಚೌಕ, 3 ಮೀಟರ್ ಆಳ. ಇದರಲ್ಲಿ ಮಾಡಿದ್ದು ಎಲ್ಲವೂ ಕೈಕೆಲಸ. ಪೇಟೆಯಿಂದ ಕೊಂಡದ್ದು ಕಡಿಮೆ.

1. ನೀರು ಒಳಗೆ ಬರುವ ಬಾಯಿಯ ಮುಂದೆ ಹೂಳುಗುಂಡಿ ಇದೆ. ಪ್ರತಿ ವರ್ಷ ಮಿರಗಕ್ಕೆ ಮೊದಲು ಅದನ್ನು ಬಳಿದು ಖಾಲಿ ಮಾಡುತ್ತೇನೆ. ತುಂಬಿದ ಹೂಳುಗುಂಡಿ ಇದ್ದೂ ಇಲ್ಲದಂತೆ.

2. ಗುಂಡಿಯ ಮೇಲ್ಗಡೆ ಹತ್ತು ಹೆಜ್ಜೆ ಅಗಲ ಕರಕಿ ಹುಲ್ಲು ಬಿಟ್ಟಿದ್ದೇನೆ. ಸೋಯಾಕ್ಕೆ ಹಾಕಿದ ಡಿಎಪಿ ಮೊದಲ ದೊಡ್ಡ ಮಳೆಗೆ ಮಣ್ಣಿನ ಸಂಗಡ ಹರಿದು ಬರುತ್ತದೆ. ಹುಲ್ಲು ಆ ಮಣ್ಣನ್ನು ಹಿಡಿಯುತ್ತದೆ, ಮೇವೂ ಆಗುತ್ತದೆ. ಗೊಬ್ಬರವನ್ನು ಮೇಲೆ ಎರಚದೆ ಕೂರಿಗೆಯ ಸಂಗಡ ಮಣ್ಣೊಳಗೆ ಬಿಟ್ಟರೆ ಹರಿದು ಬರುವುದೇ ಕಡಿಮೆ.

3. ತಿಪ್ಪೆ ಹೊಂಡದ ಮೇಲ್ಗಡೆ ಇರಬಾರದು, ಕೆಳಗಡೆ ಇರಬೇಕು.

4. ದನ ಹೊಂಡಕ್ಕೆ ಇಳಿಯುವುದಿಲ್ಲ. ಬೇಲಿ ಇದೆ. ನೀರನ್ನು ತೊಟ್ಟಿಗೆ ತುಂಬಿ ಕುಡಿಸುತ್ತೇವೆ. ದನ ಇಳಿದರೆ ಸಗಣಿ ಗಂಜಲ ನೀರಿಗೆ, ಹಾಳೆಯೂ ಹರಿಯುತ್ತದೆ.

5. ಪಂಪಿನ ಫುಟ್‌ವಾಲ್ವನ್ನು ಖಾಲಿ ಕ್ಯಾನಿಗೆ ಹಗ್ಗದಿಂದ ಕಟ್ಟಿ ಇಳಿಬಿಟ್ಟಿದ್ದೇನೆ. ನೀರು ಏರಿದರೂ ಇಳಿದರೂ ಅದು ಮೇಲಿನಿಂದ ಮೂರಡಿ ಕೆಳಗೇ ಇರುತ್ತದೆ. ಮೇಲಿನ ಕೆನೆಯೂ ಬರುವುದಿಲ್ಲ, ತಳದ ಕೆಸರೂ ಬರುವುದಿಲ್ಲ.

6. ಬ್ಯಾಸಿಗಿಯಲ್ಲಿ ಅರ್ಧ ಹೊಂಡಕ್ಕೆ ಹಳೆಯ ನೆರಳುಬಲೆ ಕಟ್ಟುತ್ತೇನೆ. ಬಿಸಿಲು ಕಡಿಮೆಯಾದರೆ ಪಾಚಿಯೂ ಕಡಿಮೆ, ನೀರು ಆರುವುದೂ ಕಡಿಮೆ.

ಬಾಟಲಿ ಪರೀಕ್ಷೆ

ಯಾವ ಪಾಚಿ ಎಂದು ತಿಳಿಯಲು ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಹೊಂಡದ ನೀರು ತುಂಬಿ. ನೀರು ಮೇಲಿನ ಕೆನೆಯಿಂದ ಬೇಡ, ಸ್ವಲ್ಪ ಕೆಳಗಿನಿಂದ ಇರಲಿ. ಬಾಟಲಿಯನ್ನು ಅಲ್ಲಾಡಿಸದೆ ರಾತ್ರಿಯಿಡೀ ತಂಪಾದ ಜಾಗದಲ್ಲಿಡಿ. ಬೆಳಿಗ್ಗೆ ಹಸಿರು ತಳಕ್ಕೆ ಕೂತಿದ್ದರೆ ಅದು ಸಾಮಾನ್ಯ ಹಸಿರು ಪಾಚಿ. ಹಸಿರು ಮೇಲಕ್ಕೆ ಬಂದು ಉಂಗುರದ ಹಾಗೆ ನಿಂತಿದ್ದರೆ ನೀಲಿಹಸಿರು ಪಾಚಿಯ ಸಂಶಯ. ಆ ಹೊಂಡದ ನೀರನ್ನು ದನಕ್ಕೆ ಕುಡಿಸುವುದು ನಿಲ್ಲಿಸಿ. ನೀರು ತೆಗೆಯುವಾಗ ಕೈಗೆ ಚೀಲ ಹಾಕಿಕೊಳ್ಳಿ, ಆಮೇಲೆ ಸಾಬೂನು ಹಚ್ಚಿ ತೊಳೆಯಿರಿ. ಇದು ಯಾವ ಪಾಚಿ ಎಂದು ಹೇಳುತ್ತದೆ, ವಿಷ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಆದ್ದರಿಂದ ಸಂಶಯ ಬಂದರೆ ವಿಷ ಇದೆ ಎಂದೇ ನಡೆಯಬೇಕು.

ಬಣ್ಣದಂತೆ ಕೆನೆಗಟ್ಟಿದ್ದ ಹೊಂಡ ತಾನೇ ತಿಳಿಯಾದರೆ ಎರಡು ಮೂರು ವಾರ ದನಕ್ಕೆ ಬೇರೆ ನೀರು ಕೊಡಿರಿ. ನೀರಿನಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಈ ವಿಷವನ್ನು ನಿಧಾನ ತಿಂದು ಕಡಿಮೆ ಮಾಡುತ್ತವೆ, ಅದಕ್ಕೆ ದಿನ ಬೇಕು. ಅಲ್ಲಿಯವರೆಗೆ ಆ ನೀರು ವ್ಯರ್ಥವೇನಲ್ಲ. ತೊಗರಿ, ಜೋಳದ ಬುಡಕ್ಕೆ ಬಿಡಬಹುದು, ಗೊಬ್ಬರದ ಅಂಶವೂ ಹೊಲಕ್ಕೆ ಹೋಗುತ್ತದೆ. ಮೆಂತೆ, ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲಿನಂಥ ಹಸಿಯಾಗಿ ತಿನ್ನುವ ಬೆಳೆಯ ಮೇಲೆ ಚಿಮುಕಿಸಬೇಡಿ. ಬಟ್ಟೆಯಲ್ಲಿ ಸೋಸಿದರೆ ಪಾಚಿ ನಿಲ್ಲುತ್ತದೆ, ಕರಗಿದ ವಿಷ ನಿಲ್ಲುವುದಿಲ್ಲ ಎಂಬುದು ನೆನಪಿರಲಿ.

ಬಾಜು ಹೊಲದ ಹುಡುಗನೂ ಈಗ ದಂಡೆಗೆ ಹುಲ್ಲು ಬಿಟ್ಟಿದ್ದಾನೆ. ಒಂದೇ ಹಳ್ಳದ ಇಳಿಜಾರಿನಲ್ಲಿ ನಾಲ್ಕಾರು ಹೊಂಡ ಇದ್ದರೆ ಎಲ್ಲರೂ ಸೇರಿ ಇದನ್ನು ಮಾಡಬೇಕು. ಮೇಲಿನವನ ಗೊಬ್ಬರ ಕೆಳಗಿನವನ ಹೊಂಡಕ್ಕೆ ಪಾಚಿಯಾಗಿ ಬರುತ್ತದೆ. ನಿಮ್ಮ ಹೊಂಡ ಯಾವ ತಿಂಗಳು ಹಸಿರಾಯಿತು, ಯಾವ ತಿಂಗಳು ತಿಳಿಯಾಯಿತು, ಅದಕ್ಕೆ ಮೊದಲು ಮಳೆಯೋ ಮೋಡವೋ ಗೊಬ್ಬರವೋ ಏನಿತ್ತು ಎಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುತ್ತಾ ಬನ್ನಿ. ಎರಡು ವರ್ಷದ ಗುರುತು ಕೂಡಿದರೆ ನಿಮ್ಮ ಹೊಂಡದ ನಡೆ ನಿಮಗೇ ತಿಳಿಯುತ್ತದೆ. ಆ ಅನುಭವವನ್ನು ಪತ್ರಿಕೆಗೆ ಬರೆಯಿರಿ, ಉಳಿದವರಿಗೂ ಉಪಯೋಗವಾದೀತು.